ನಮ್ಮ ಜೀಪಿಗೆ ಹವಾ ಕಟ್ಟಿಕೊಟ್ಟವರು

ಗಾಡಿ ಬಂದು ನಿಂತರೆ ಅವರು ಮೊದಲು ಡ್ರೈವರನ ಮುಖ ನೋಡುತ್ತಿರಲಿಲ್ಲ. ಬಗ್ಗಿ ಟಯರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒತ್ತಿ, ಒಳಗೆ ಎಷ್ಟು ಪೌಂಡು ಗಾಳಿ ಇದೆ ಎಂಬ ಅಂಕಿ ಹೇಳುತ್ತಿದ್ದರು: "ಇಪ್ಪತ್ತೆರಡು." ಗೇಜು ಹಚ್ಚಿ ನೋಡಿದರೆ ಇಪ್ಪತ್ತೆರಡೇ ಇರುತ್ತಿತ್ತು. ಅಪರೂಪಕ್ಕೊಮ್ಮೆ ಇಪ್ಪತ್ತಮೂರು ತೋರಿಸಿದರೆ ಅವರು ಗೇಜನ್ನೇ ಮೇಲೆ ಕೆಳಗೆ ತಿರುಗಿಸಿ ಅನುಮಾನದಿಂದ ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ, "ಹಾಂ, ಎಂತ ಕೆಲ್ಸ ಇತ್ತು?" ಎಂಬ ಮಾತು ಬರುತ್ತಿತ್ತು.

ಕಾರವಾರದಿಂದ ಅಂಕೋಲೆಗೆ ಬರುವಾಗ ಅವರ್ಸಾದಲ್ಲಿ ಹೆದ್ದಾರಿಯ ಎಡಕ್ಕೆ ಅವರ ತಗಡಿನ ಅಂಗಡಿ. ಅದರ ಹಿಂದೆಯೇ ಅವರ ಮನೆ. ಬೋರ್ಡಿನ ಮೇಲೆ ಹೆಸರಿಲ್ಲ, ಫೋನ್ ನಂಬರಿಲ್ಲ. ಬಿಳಿ ಬಣ್ಣದಲ್ಲಿ 'ಹವಾ' ಎಂಬ ಎರಡೇ ಅಕ್ಷರ. ಟಯರಿಗೆ ತುಂಬುವ ಗಾಳಿಗೆ ನಮ್ಮ ಕಡೆ ಹಾಗೇ ಅನ್ನುವುದು. ಊರವರಿಗೆ ಅವರು ಹವಾ ಮೇಸ್ತ್ರಿ. ಮೂಲ ಚಿತ್ತಾಕುಲದವರು, ಮನೆಮಾತು ಕೊಂಕಣಿ. ಬಸ್ ಡಿಪೋದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬ್ರೇಕಿನ ಕೆಲಸ ಮಾಡಿ ನಿವೃತ್ತರಾದವರು. ಬಸ್ಸಿನ ಬ್ರೇಕು ಹಿಡಿಯುವುದು ಟಾಂಕಿಯಲ್ಲಿ ಒತ್ತಿ ತುಂಬಿಟ್ಟ ಹವಾದಿಂದ. ಆ ಟಾಂಕಿ, ಆ ಕೊಳವೆ, ಆ ವಾಲ್ವುಗಳೇ ಅವರ ಆಯುಷ್ಯ.

"ಬಸ್ಸು ಓಡ್ಸಿದವನಿಗೆ ಎಲ್ರೂ ನಮಸ್ಕಾರ ಹೇಳ್ತಾರೆ," ಎನ್ನುತ್ತಿದ್ದರು. "ನಾನು ನಿಲ್ಸಿದವ. ನನ್ನ ಮೋರೆ ಯಾರಿಗೂ ಗೊತ್ತಿಲ್ಲ."

ಹೇಳುವಾಗ ದೂರು ಇರುತ್ತಿರಲಿಲ್ಲ. ಗರ್ವವೇ ಇರುತ್ತಿತ್ತು.

ನಾನು ಅಂಕೋಲೆಯ ಒಂದು ಸೇವಾ ಸಂಘದ ಜೀಪಿನ ಡ್ರೈವರು. ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪು. ವಾರಕ್ಕೆ ಮೂರು ದಿನ ನರ್ಸಬಾಯಿಯನ್ನೂ ಔಷಧದ ಪೆಟ್ಟಿಗೆಗಳನ್ನೂ ಕೂರಿಸಿಕೊಂಡು ಬಸ್ಸು ಕಾಣದ ಕೇರಿಗಳಿಗೆ ಹೋಗುವುದು ನನ್ನ ಕೆಲಸ. ಎರಡು ಕೇರಿ ಗುಡ್ಡದ ಮೇಲಿವೆ. ಇನ್ನೊಂದು ಅವರ್ಸಾಕ್ಕಿಂತ ಆಚೆ, ಸಮುದ್ರದ ದಂಡೆಯಲ್ಲಿ, ಮೀನುಗಾರರದ್ದು. ನಾವು ಅದನ್ನು ಮರಳ ಕೇರಿ ಅನ್ನುತ್ತೇವೆ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಅದರ ದಾರಿ ಮುಳುಗಿದರೆ, ಇಳಿತದ ಹೊತ್ತು ನೋಡಿಕೊಂಡು ದಂಡೆಯ ಮರಳಿನ ಮೇಲೆಯೇ ಹೋಗಬೇಕು.

ಮರಳಿನಲ್ಲಿ ಗಟ್ಟಿ ಟಯರು ಹೂತುಹೋಗುತ್ತದೆ. ಅರ್ಧ ಹವಾ ಬಿಟ್ಟರೆ ಟಯರು ಚಪ್ಪಟೆಯಾಗಿ ಹರಡಿ ಮೇಲಿಂದ ಮೇಲೆ ಸಾಗುತ್ತದೆ. ಆದರೆ ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಲೇಬೇಕು. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ಕಾಲುಪಂಪು. ನಾಲ್ಕು ಟಯರು ಮುಗಿಸುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿ, ಮೊಣಕಾಲು ನಡುಗುತ್ತಿತ್ತು. ಸಿಗರೇಟು ಹಚ್ಚುವ ಕಿಂಡಿಗೆ ಸಿಕ್ಕಿಸುವ ಸಣ್ಣ ಮೋಟಾರು ಪಂಪನ್ನೂ ಸಂಘದವರು ತಂದುಕೊಟ್ಟಿದ್ದರು. ಅದು ಮೂರನೆಯ ಟಯರಿಗೆ ಸುಟ್ಟ ವಾಸನೆ ಕೊಟ್ಟು ಮಲಗಿತು.

ಹಾಗಾಗಿ ಒಂದು ದಿನ ಮಳೆಯಲ್ಲಿ ಬೇಸತ್ತು, ಹವಾ ತುಂಬದೆಯೇ ಹೆದ್ದಾರಿ ಹತ್ತಿದೆ. ಅವರ್ಸಾ ಮುಟ್ಟುವಾಗ ಹಿಂದಿನ ಟಯರು ಕಾದು ಬದಿ ಹರಿದು ಚಿಂದಿಯಾಯಿತು. ಜೀಪು ಅಡ್ಡಾದಿಡ್ಡಿ ಎಳೆದು ಹವಾ ಮೇಸ್ತ್ರಿಯ ಅಂಗಡಿಯ ಮುಂದೆಯೇ ನಿಂತಿತು. ಅವರು ಬಂದು ಬಗ್ಗಿದರು. ಹರಿದ ಟಯರು ಬಿಟ್ಟು ಉಳಿದ ಮೂರನ್ನು ಒತ್ತಿ ನೋಡಿದರು.

"ಹದಿನಾರು. ಹದಿನಾರು. ಹದಿನೈದು. ಮರಳಿಗೆ ಹೋಗಿದ್ದೆ?"

"ಹೌದು."

"ಹವಾ ಬಿಟ್ಟದ್ದು ಬರೋಬರಿ. ತುಂಬ್ದೆ ಬಂದದ್ದು ಕತ್ತೆ ಕೆಲ್ಸ."

ನನಗೆ ಸಿಟ್ಟು ಬಂತು. "ಮಳೇಲಿ ಮುಕ್ಕಾಲು ತಾಸು ಪಂಪು ತುಳ್ದು ನೋಡಿ ಮೇಸ್ತ್ರಿ, ಆಮೇಲೆ ಹೇಳಿ," ಎಂದೆ.

ಅವರು ಜೀಪಿನೊಳಗೆ ಇಣುಕಿ ನರ್ಸಬಾಯಿಯ ತೊಡೆಯ ಮೇಲಿದ್ದ ನೀಲಿ ಪೆಟ್ಟಿಗೆ ನೋಡಿ, ಏನೆಂದು ಕೇಳಿದರು. ಮಕ್ಕಳಿಗೆ ಹಾಕುವ ಲಸಿಕೆ, ಮಂಜುಗಡ್ಡೆ ಕರಗುವ ಮೊದಲು ವಾಪಸು ಮುಟ್ಟಿಸಬೇಕು ಎಂದರು ನರ್ಸಬಾಯಿ. ಮೇಸ್ತ್ರಿ ಸ್ಟೆಪ್ನಿ ಹಾಕಿ, ನಾಲ್ಕಕ್ಕೂ ಹವಾ ತುಂಬಿ, ಬಾನೆಟ್ಟು ಎತ್ತಲು ಹೇಳಿದರು. ಎಂಜಿನ್ನಿನ ಬಲಬದಿಯ ಖಾಲಿ ಜಾಗದಲ್ಲಿ ಕೈ ಇಳಿಸಿ ಗೇಣು ಹಾಕಿ ಅಳೆದರು.

"ರವಿವಾರ ಗಾಡಿ ತಕಂಬಾ," ಎಂದರು. "ಇದ್ರ ಹೊಟ್ಟೇಲೇ ಹವಾ ಇಡುವಾ."

ಒಂದು ರವಿವಾರದ ಕೆಲಸ ಅಂದುಕೊಂಡಿದ್ದೆ. ಏಳು ರವಿವಾರ ಹಿಡಿಯಿತು.

ಗುಜರಿಯಿಂದ ಒಂದು ಹಳೆಯ ಕಾರಿನ ಏಸಿ ಕಂಪ್ರೆಸರ್ ತಂದಿದ್ದರು. ಕಾರನ್ನು ತಂಪು ಮಾಡುವ ಆ ಯಂತ್ರವೇ ಹೊರಗಿನ ಗಾಳಿ ಎಳೆದು ಒತ್ತಬಲ್ಲದು. ಎಂಜಿನ್ನಿಗೆ ಬೆಲ್ಟು ಹಾಕಿದರೆ ಸಾಕು, ಎಂದು ವಿವರಿಸಿದರು. ಅದನ್ನು ಕೂರಿಸುವ ಕಬ್ಬಿಣದ ಚೌಕಟ್ಟಿಗೆ ಮೊದಲು ಮಿಠಾಯಿ ಡಬ್ಬದ ರಟ್ಟಿನಲ್ಲಿ ಮಾದರಿ ಕತ್ತರಿಸಿದರು. ನಾಲ್ಕು ಡಬ್ಬ ಹಾಳಾದವು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ವೈನಿ ಚಾ ತಂದಿಟ್ಟು, "ಮಿಠಾಯಿ ಡಬ್ಬ ಮಾತ್ರ ಬರ್ತದೆ ನಮ್ಮನೆಗೆ. ಮಿಠಾಯಿ ಎಲ್ಲಿ ಹೋಗ್ತದೋ," ಎಂದು ಒಳಗೆ ಹೋಗುತ್ತಿದ್ದರು.

ಮೂರನೆಯ ರವಿವಾರ, ಒತ್ತಿದ ಹವಾ ತುಂಬಿಡಲು ಟಾಂಕಿ ಸಿಕ್ಕಿತು, ಸಣ್ಣ ಲಾರಿಯ ಬ್ರೇಕಿನದ್ದು. ಹೊರಗಿಂದ ಹೊಸದರಂತೆ ಕಾಣುತ್ತಿತ್ತು. ಬೇಗ ಹಾಕಿ ಮುಗಿಸಿ ಎಂದು ನಾನು ಅವಸರ ಮಾಡಿದೆ. ಅವರು ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ಕಟರು ತೆಗೆದು, ನಾನು ಬೇಡ ಬೇಡ ಎನ್ನುತ್ತಿದ್ದಂತೆ, ಅಷ್ಟು ಚಂದದ ಟಾಂಕಿಯನ್ನು ಎರಡು ಹೋಳು ಮಾಡಿದರು. ಒಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು.

"ಇದ್ರ ಮೇಲೆ ನರ್ಸಬಾಯಿ ಕೂತ್ಕಳ್ಬೇಕಿತ್ತು, ಅಲ್ವಾ?" ಎಂದರು.

ಟಾಂಕಿ ಹಿಂದಿನ ಸೀಟಿನ ಕೆಳಗೆ ಬರುವುದಿತ್ತು. ನಾನು ಎರಡೂ ಹೋಳು ಎತ್ತಿ ಗುಜರಿಯ ರಾಶಿಗೆ ಹಾಕಿದೆ.

ಕೊನೆಗೆ ಹೊಸ ಟಾಂಕಿಯನ್ನೇ ತರಿಸಿದರು. ಅದನ್ನೂ ನಂಬಲಿಲ್ಲ. ಬಾಯಿಯವರೆಗೆ ನೀರು ತುಂಬಿ, ಕೈಪಂಪಿನಿಂದ ಬೇಕಾದ್ದರ ದುಪ್ಪಟ್ಟು ಒತ್ತಡ ಕೊಟ್ಟು, ಒಂದು ತಾಸು ಬಿಟ್ಟು ನೋಡಿದರು. ನೀರೇ ಯಾಕೆ ಎಂದು ಕೇಳಿದೆ.

"ಒಡೆದ್ರೆ ನೀರು ಸೋರ್ತದೆ, ಅಷ್ಟೆ. ಹವಾ ಹಂಗಲ್ಲ. ಹವಾ ಕೊಲ್ತದೆ."

ಡಿಪೋಗೆ ಹೊಸದಾಗಿ ಸೇರಿದ ವರ್ಷ, ಜೊತೆಯವನೊಬ್ಬ ಒತ್ತಡ ಇಳಿಸದೆ ಕೊಳವೆ ಬಿಚ್ಚಿ ಒಂದು ಕಣ್ಣು ಕಳೆದುಕೊಂಡದ್ದನ್ನು ಅವರು ಕಂಡಿದ್ದರಂತೆ. ಅಂದಿನಿಂದ ಯಾವ ಕೆಲಸದಲ್ಲೂ ಮೊದಲು ಹಾಕುತ್ತಿದ್ದದ್ದು ಒತ್ತಡ ಮೀರಿದರೆ ತಾನಾಗಿ ತೆರೆದುಕೊಳ್ಳುವ ವಾಲ್ವು. "ಮೊದ್ಲು ಹೊರಗೆ ಹೋಗೂ ದಾರಿ. ಆಮೇಲೆ ಒಳಗೆ ಬರೂ ದಾರಿ," ಎನ್ನುತ್ತಿದ್ದರು. ನಮ್ಮ ಜೀಪಿನ ಆ ವಾಲ್ವನ್ನು ಬೇಕೆಂದೇ ಮೂರು ಸಲ ಸಿಡಿಸಿ ನೋಡಿದ ಮೇಲೆಯೇ ಉಳಿದ ಕೊಳವೆ ಜೋಡಿಸಿದರು.

ಏಳನೆಯ ರವಿವಾರ ಎಂಜಿನ್ ಶುರು ಮಾಡಿ, ಗುಂಡಿ ಒತ್ತಿದೆ. ಕಂಪ್ರೆಸರ್ ಟಕ್ ಎಂದು ಹಿಡಿದುಕೊಂಡಿತು. ಗೇಜಿನ ಮುಳ್ಳು ಏರಿ ನೂರಹತ್ತು ಪೌಂಡಿಗೆ ತಾನಾಗಿ ನಿಂತಿತು. ಹಿಂದಿನಿಂದ ಉದ್ದದ ರಬ್ಬರು ನಳ್ಳಿ ಎಳೆದು ನಾಲ್ಕು ಟಯರಿಗೂ ಹದಿನೈದರಿಂದ ಮೂವತ್ತಕ್ಕೆ ತುಂಬಿದೆವು. ಆರು ನಿಮಿಷ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರು ಟಾಂಕಿಯ ಅಡಿಯ ಸಣ್ಣ ನಳ ತಿರುಗಿಸಿ, ಕೂಡಿದ ನೀರಿನ ಹನಿಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. "ಕುಣೂದು ಆಮೇಲೆ. ದಿನಾ ಬೆಳಿಗ್ಗೆ ಇದನ್ನ ಬಿಡಬೇಕು. ಮರೆತ್ರೆ ತುಕ್ಕು."

ಸಂಘದ ಸಭೆಯಲ್ಲಿ ಒಬ್ಬರು, ಹಳೆ ಜೀಪಿಗೆ ಇಷ್ಟೆಲ್ಲ ಶೃಂಗಾರ ಯಾಕೆ ಎಂದು ಕೇಳಿದ್ದರು. ನಾನು ಅದನ್ನು ಮೇಸ್ತ್ರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಮರುದಿನವೇ ಅವರು ಆ ಮನುಷ್ಯರ ಮನೆಗೆ ಹೋಗಿ, ಜಗಲಿಯಲ್ಲಿ ಕಾಲುಪಂಪು ಇಟ್ಟು, "ಒಂದೇ ಟಯರಿಗೆ ತುಳೀರಿ ಸಾಕು," ಎಂದರಂತೆ. ಸಿಟ್ಟಿನ ಮನುಷ್ಯ. ತಾಳ್ಮೆಯೆಲ್ಲ ಕಬ್ಬಿಣಕ್ಕೆ ಮೀಸಲು. ಮನುಷ್ಯರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಆದರೆ ತನ್ನ ತಪ್ಪಿಗೂ ಅವರು ಅಷ್ಟೇ ನಿರ್ದಯಿ. ಕೆಲಸ ಮುಗಿದು ತಿಂಗಳಾಗಿತ್ತು. ಜೋರು ಮಳೆಯ ಒಂದು ಬೆಳಿಗ್ಗೆ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ನಿಲ್ಲಿಸಿದ್ದೆ. ಅವರ್ಸಾದ ಕಡೆಯಿಂದ ಬಂದ ಬಸ್ಸಿನಿಂದ ಮೇಸ್ತ್ರಿ ಇಳಿದರು. ಹೆಗಲಿಗೆ ಹತಾರುಗಳ ಚೀಲ, ಪಂಚೆ ಮೊಣಕಾಲವರೆಗೆ ಒದ್ದೆ. ಸೀದಾ ಬಂದು, "ಬಾನೆಟ್ಟು ಎತ್ತು," ಎಂದರು.

"ಎಂತಾಯ್ತು ಮೇಸ್ತ್ರಿ? ಸರಿ ಉಂಟಲ್ಲ ಎಲ್ಲ."

"ಸರಿ ಇಲ್ಲ. ಚೌಕಟ್ಟಿನ ಕೆಳಗಿನ ಬೋಲ್ಟು ಸಾದಾ ಬೋಲ್ಟು ಹಾಕಿದ್ದೆ. ಗಟ್ಟಿ ಜಾತಿದು ಹಾಕ್ಬೇಕಿತ್ತು. ನಿನ್ನೆ ಬೋಲ್ಟಿನ ಡಬ್ಬಿ ನೋಡುವಾಗ ಗಟ್ಟಿದು ಅದ್ರಲ್ಲೇ ಉಳ್ದಿತ್ತು, ಆಗ ಗೊತ್ತಾಯ್ತು. ಎಂಜಿನ್ ನಡುಕಕ್ಕೆ ಅದು ತಡೀತಿರ್ಲಿಲ್ಲ. ನಂದೇ ತಪ್ಪು."

ಬಸ್ಸು ಕಾಯುವ ಜನ ನೋಡುತ್ತಿದ್ದಂತೆ ಮಳೆಯಲ್ಲಿ ಬಗ್ಗಿ ಅದನ್ನು ಬದಲಿಸಿದರು. ಆಗ ಅವರಿಗೆ ಎಪ್ಪತ್ತರ ಮೇಲಾಗಿತ್ತು. ತೆಗೆದ ಬೋಲ್ಟಿಗೆ ಏನೂ ಆಗಿರಲಿಲ್ಲ. ಅದನ್ನು ನನ್ನ ಕೈಗಿಟ್ಟು, "ನಂದೇ ತಪ್ಪು," ಎಂದು ಮತ್ತೊಮ್ಮೆ ಹೇಳಿ, ಚಾ ಕೂಡ ಕುಡಿಯದೆ ತಿರುಗಿ ಬಸ್ಸು ಹತ್ತಿದರು. ಅಷ್ಟು ಜನರ ಮುಂದೆ ತನ್ನ ತಪ್ಪನ್ನು ಅಷ್ಟು ಗಟ್ಟಿಯಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಆ ಜೀಪಿನ ಹವಾ ಏನೆಂದು ನನಗೆ ನಿಜವಾಗಿ ತಿಳಿದದ್ದು ಮುಂದಿನ ಮಳೆಗಾಲದಲ್ಲಿ. ಮಧ್ಯಾಹ್ನ ಮರಳ ಕೇರಿಯಿಂದ ಫೋನು ಬಂತು. ದಡದ ಹತ್ತಿರವೇ ದೋಣಿ ಮಗುಚಿ, ಅದರ ಯಂತ್ರದ ತಿರುಗುವ ರೆಕ್ಕೆ ಒಬ್ಬನ ತೊಡೆಗೆ ಹೊಡೆದಿತ್ತು. ರಕ್ತ ನಿಲ್ಲುತ್ತಿಲ್ಲ. ದಾರಿ ಹಳ್ಳದ ನೀರಿನಲ್ಲಿತ್ತು. ಇಳಿತ ಮುಗಿಯಲು ಒಂದೂವರೆ ತಾಸು ಉಳಿದಿತ್ತು. ನರ್ಸಬಾಯಿ ಚೀಲ ಹಿಡಿದು ಓಡಿ ಬಂದು ಕೂತರು. ಡಾಂಬರು ಮುಗಿಯುವಲ್ಲಿ ಹವಾ ಬಿಟ್ಟು ದಂಡೆಗಿಳಿದೆ.

ಆ ಮನುಷ್ಯನಿಗೆ ನಲವತ್ತು ವರ್ಷ ಇರಬಹುದು. ಬಣ್ಣ ಬೂದಿಯಾಗಿತ್ತು. ನರ್ಸಬಾಯಿ ಗಾಯ ಒತ್ತಿ ಕಟ್ಟಿದರು, ನಾಲ್ಕು ಜನ ಎತ್ತಿ ಹಿಂದೆ ಮಲಗಿಸಿದರು, ಅವನ ಹೆಂಡತಿ ತಲೆ ಹಿಡಿದು ಕೂತಳು. ನಾನು ಗಡಿಬಿಡಿಯಲ್ಲಿ ಜೀಪನ್ನು ಒಮ್ಮೆಲೇ ತಿರುಗಿಸಿದೆ. ಕಡಿಮೆ ಹವಾದ ಟಯರಿಗೆ ಅಂಥ ತಿರುವು ಆಗದು. ಫುಸ್ ಎಂಬ ಶಬ್ದ. ಹಿಂದಿನ ಬಲ ಟಯರು ರಿಮ್ಮಿನಿಂದ ಕಳಚಿ ಬಾಯಿ ಬಿಟ್ಟಿತ್ತು. ಸ್ಟೆಪ್ನಿ ಹಿಂದಿನ ದಿನ ಪಂಕ್ಚರಾಗಿ ಅಂಕೋಲೆಯಲ್ಲೇ ಉಳಿದಿತ್ತು. ಅದು ನನ್ನ ಉದಾಸೀನ.

"ಎಂತಾಯ್ತು?" ಎಂದರು ನರ್ಸಬಾಯಿ ಜೀಪಿನೊಳಗಿಂದ.

ಅದೇ ಹೊತ್ತಿಗೆ ಮೇಸ್ತ್ರಿಯ ಅಂಗಡಿಯ ಹಿಂದಿನ ಬಯಲು ನೆನಪಾಯಿತು. ಜೀಪು ಸಿದ್ಧವಾದ ಮೇಲೆ ಅವರು ನನ್ನಿಂದ ಮೂರು ಸಲ ಟಯರು ಕಳಚಿಸಿ, ಮೂರು ಸಲ ಕೂರಿಸಿದ್ದರು. ಮೈಯೆಲ್ಲ ಕೆಸರಾಗಿ ನಾನು ಮನಸ್ಸಿನಲ್ಲೇ ಬೈದಿದ್ದೆ. ಈಗ ಕೈಗಳು ತಾವಾಗಿ ಶುರುಮಾಡಿದವು. ದೋಣಿಯ ಹಲಗೆ ಕೆಳಗಿಟ್ಟು ಜಾಕ್ ಏರಿಸಿದೆ. ರಿಮ್ಮಿನ ಮರಳು ತೊಳೆದೆ. ಕೇರಿಯ ಹೆಂಗಸರು ಮೈ ತೊಳೆಯುವ ಸಾಬೂನು ತಂದರು; ನೊರೆ ಮಾಡಿ ಸುತ್ತ ಹಚ್ಚಿದೆ. ವಾಲ್ವಿನ ಪಿನ್ನು ತೆಗೆದು, ನಳ್ಳಿ ಹಚ್ಚಿ, ಟಾಂಕಿಯ ಹವಾ ಒಮ್ಮೆಲೇ ಬಿಟ್ಟೆ. ನೊರೆಯೆಲ್ಲ ಹಾರಿ ಮುಖಕ್ಕೆ ಬಡಿಯಿತು. ಟಯರು ಕೂರಲಿಲ್ಲ.

ನೀರು ಆಗಲೇ ಉಬ್ಬರಕ್ಕೆ ತಿರುಗಿತ್ತು. ಒಂದು ಅಲೆ ಬಂದು ಮುಂದಿನ ಚಕ್ರ ಮುಟ್ಟಿ ಹೋಯಿತು.

"ಹಗ್ಗ!" ಎಂದು ಕೂಗಿದೆ. ಟಯರು ಕೂರದಿದ್ದರೆ ನಡುವಿಗೆ ಹಗ್ಗ ಬಿಗಿದು ಹಿಂಡು, ಬದಿಗಳು ರಿಮ್ಮಿಗೆ ತಾಗುತ್ತವೆ ಎಂದು ಮೇಸ್ತ್ರಿ ಹೇಳಿದ್ದರು. "ಹಗ್ಗ ಸಿಕ್ಕದ ಜಾಗ ನಮ್ಮ ದಂಡೇಲಿ ಎಲ್ಲುಂಟು ಮಾರಾಯಾ," ಎಂದು ನಕ್ಕಿದ್ದರು. ಬಲೆಯ ಹಗ್ಗ ಬಂತು. ಇಬ್ಬರು ಸುತ್ತಿ, ಕೋಲು ಹಾಕಿ ತಿರುಚಿ ಬಿಗಿದರು. ಎಂಜಿನ್ ಓಡುತ್ತಲೇ ಇತ್ತು. ಟಾಂಕಿ ಮತ್ತೆ ತುಂಬಲು ಎರಡು ನಿಮಿಷ. ಅಷ್ಟು ಉದ್ದದ ಎರಡು ನಿಮಿಷ ನಾನು ಜೀವನದಲ್ಲಿ ಕಂಡಿಲ್ಲ. ಮುಳ್ಳು ನೂರಹತ್ತಕ್ಕೆ ಬಂದಾಗ ನಳ್ಳಿ ಬಿಟ್ಟೆ. ಠಪ್ ಎಂದಿತು. ಇನ್ನೊಂದು ಬದಿಯೂ ಠಪ್ ಎಂದಿತು. ಟಯರು ಎದ್ದು ಕೂತಿತು.

ದಂಡೆ ದಾಟಿ ಡಾಂಬರಿಗೆ ಬಂದಾಗ ನರ್ಸಬಾಯಿ, "ನಿಲ್ಲಬೇಡಿ, ಹೋಗುವಾ," ಎಂದರು. ನಾನು ನಿಂತೆ. ಹರಿದ ಟಯರಿನ ಆ ದಿನ ಕಣ್ಣ ಮುಂದಿತ್ತು. "ಮೂರು ನಿಮಿಷ ಕೊಡಿ ಬಾಯೋರೆ. ಇಲ್ಲದಿದ್ರೆ ಮುಟ್ಟೂದೇ ಇಲ್ಲ," ಎಂದೆ. ಪೂರ್ತಿ ತುಂಬಲಿಲ್ಲ, ಇಪ್ಪತ್ತೆರಡಕ್ಕೆ ಬಿಟ್ಟೆ. ಅಂಕೋಲೆಯ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಅಲ್ಲಿಂದ ಕಾರವಾರಕ್ಕೆ ಕಳಿಸಿದರು. ಅವನ ಜೀವವೂ ಉಳಿಯಿತು, ಕಾಲೂ ಉಳಿಯಿತು. ಸ್ವಲ್ಪ ಕುಂಟು ಇದೆ, ಅಷ್ಟೆ.

ಮರುದಿನ ಇದನ್ನೆಲ್ಲ ಮೇಸ್ತ್ರಿಗೆ ಹೇಳಿದೆ. ಉಬ್ಬಿಹೋಗುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿದ ಅವರು, "ಸ್ಟೆಪ್ನಿ ಎಲ್ಲಿತ್ತು?" ಎಂದರು.

ಹೇಳಿದೆ. ಒಂದು ಹತ್ತು ನಿಮಿಷ ಬೈದರು, ಅರ್ಧ ಕನ್ನಡದಲ್ಲಿ, ಅರ್ಧ ಕೊಂಕಣಿಯಲ್ಲಿ. ಆಮೇಲೆ ಎದ್ದು ಜೀಪಿನ ಹತ್ತಿರ ಹೋಗಿ, ಕನ್ನಡಕ ತೆಗೆದು ಒರೆಸಿ, ಕೂರಿಸಿದ ಟಯರಿನ ಅಂಚಿನ ಸುತ್ತ ಬೆರಳಾಡಿಸಿದರು. ಎರಡು ಸುತ್ತು ಬಂದರು. ಅಷ್ಟರಲ್ಲಿ ಹವಾ ತುಂಬಿಸಲು ಬಂದ ಒಬ್ಬ ಬೈಕಿನವನಿಗೆ, ಅವನು ಕೇಳದೆಯೇ, "ಇದು ನಮ್ಮ ಗಾಡಿ," ಎಂದರು.

ಸುದ್ದಿ ಹಬ್ಬಿತು. ಗುಡ್ಡ ಹತ್ತಿ ಮರಳು ಹಾರಿಸುವ ಹವ್ಯಾಸದವರು ಗೋವೆಯಿಂದ, ಹುಬ್ಬಳ್ಳಿಯಿಂದ ಬಣ್ಣಬಣ್ಣದ ಜೀಪು ತಂದು ಅಂಗಡಿಯ ಮುಂದೆ ಸಾಲು ನಿಲ್ಲಿಸತೊಡಗಿದರು. ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ರಟ್ಟಿನ ಮಾದರಿಯನ್ನೇ ಕೊಟ್ಟುಬಿಡುತ್ತಿದ್ದರು. ನೀರಿನ ಪರೀಕ್ಷೆ ಮಾಡದೆ ಟಾಂಕಿ ಹಾಕಲು ಮಾತ್ರ ಯಾರಿಗೂ ಬಿಡಲಿಲ್ಲ. ಒಬ್ಬ ಹುರುಪಿನವ, ಅದೇ ಹವಾದಿಂದ ಲಾರಿಯ ದೊಡ್ಡ ಹಾರ್ನು ಕೂಡ ಹಾಕಿಕೊಡಿ ಎಂದ. "ಹವಾ ಇರೂದು ಭಾರ ಎತ್ತೂಕೆ," ಎಂದರು ಮೇಸ್ತ್ರಿ. "ಕೂಗೂಕೆ ನಿಂಗೆ ಬಾಯುಂಟಲ್ಲ."

ಒಮ್ಮೆ ಆ ಮೀನುಗಾರನನ್ನೂ ಕರೆದುಕೊಂಡು ಹೋಗಿದ್ದೆ. ಅವನು ದೊಡ್ಡ ಇಸ್ವಾಣ ಮೀನು ತಂದಿದ್ದ. ಕಾಲಿಗೆ ಬೀಳಲು ಬಗ್ಗಿದರೆ ಮೇಸ್ತ್ರಿ ಹಾರಿ ಹಿಂದೆ ಸರಿದು, "ಮೊದ್ಲು ನಡೆದು ತೋರ್ಸು," ಎಂದರು. ಅವನು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದ. "ಇನ್ನೊಮ್ಮೆ." ಮತ್ತೆ ನಡೆದ. ಮೇಸ್ತ್ರಿ ತಲೆಯಾಡಿಸಿ, ಮೀನು ಒಳಗೆ ಕಳಿಸಿ, ತಕ್ಷಣ ಬೇರೆ ಕೆಲಸ ಹಿಡಿದರು. ಮುಖ ನಮ್ಮ ಕಡೆ ತಿರುಗಿಸಲೇ ಇಲ್ಲ.

ಈ ವರ್ಷದ ಮಳೆಗಾಲ ಹಿಡಿದ ಮೇಲೆ ಮೇಸ್ತ್ರಿ ಹೋದರು. ಹಿಂದಿನ ದಿನದವರೆಗೂ ಅಂಗಡಿ ತೆರೆದಿದ್ದರಂತೆ. ಬೆಳಿಗ್ಗೆ ಏಳಲಿಲ್ಲ. ನಾನು ಆ ಹೊತ್ತಿಗೆ ಮರಳ ಕೇರಿಯಲ್ಲಿದ್ದೆ, ಮಕ್ಕಳ ಲಸಿಕೆಯ ದಿನ. ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ. ಕೆಲಸ ಮುಗಿಸಿ ಡಾಂಬರಿಗೆ ಬಂದು ಹವಾ ತುಂಬುತ್ತಿರುವಾಗ ಸುದ್ದಿ ತಿಳಿಯಿತು. ನಾಲ್ಕನೆಯ ಟಯರು ಬಾಕಿ ಇತ್ತು. ಅದನ್ನೂ ತುಂಬಿಯೇ ಹೊರಟೆ. ಅವರ್ಸಾಕ್ಕೆ ಮುಟ್ಟುವಾಗ ಎಲ್ಲ ಮುಗಿದು, ಸ್ಮಶಾನಕ್ಕೆ ಹೋದವರು ತಿರುಗಿ ಬಂದಿದ್ದರು.

ವೈನಿ ಒಳಕೋಣೆಯ ಬಾಗಿಲಲ್ಲಿ ಕೂತಿದ್ದರು. ಮುಂದೆ ಹೋಗಿ ನಿಂತೆ.

"ಎಲ್ಲಿದ್ದೆ ನೀನು?" ಎಂದರು.

"ಮರಳ ಕೇರೀಲಿ, ವೈನಿ. ಲಸಿಕೆ ಇತ್ತು. ಗೊತ್ತೇ ಆಗ್ಲಿಲ್ಲ."

"ಎಲ್ಲ ಮಕ್ಕಳಿಗೂ ಆಯ್ತಾ?"

"ಆಯ್ತು."

"ಮತ್ತೆ ಎಂತಕ್ಕೆ ಅಳ್ತೆ? ಅರ್ಧಕ್ಕೆ ಬಿಟ್ಟು ಬಂದಿದ್ರೆ ಮಲಗಿದಲ್ಲಿಂದ ಎದ್ದು ಬೈತಿದ್ರು," ಎಂದರು. ಆಮೇಲೆ ಚಿತ್ತಾಕುಲದಿಂದ ಬಂದಿದ್ದ ನೆಂಟರ ಕಡೆ ತಿರುಗಿ, "ಅವರು ಮಾಡಿದ ಗಾಡಿ ಹೊರಗೆ ನಿಂತದೆ. ನೋಡ್ಬೇಕಾದ್ರೆ ನೋಡಿ," ಎಂದರು.

ಜನ ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಬಂದರು. ನಾನು ಬಾನೆಟ್ಟು ಎತ್ತಿದೆ. ಹಿಂದಿನ ಸೀಟು ಎತ್ತಿ ಟಾಂಕಿ ತೋರಿಸಿದೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮೊದಲು ಯಾವುದನ್ನು ಹಾಕಿದರು, ಯಾಕೆ ಹಾಕಿದರು, ಎಲ್ಲ ಹೇಳಿದೆ. ಮಳೆ ಹನಿಯುತ್ತಿತ್ತು. ಮೇಸ್ತ್ರಿಯ ಅಣ್ಣ, ಬಹಳ ವಯಸ್ಸಾದವರು, ಕೊಡೆ ಮಡಚಿಟ್ಟು ಬೆಲ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು.

ಎಲ್ಲರೂ ನೋಡಿ ಆದ ಮೇಲೆ ವೈನಿಯೇ ಮೆಟ್ಟಿಲಿಳಿದು ಬಂದರು. ಏಳು ರವಿವಾರ ಚಾ ತಂದುಕೊಟ್ಟವರು, ಆದರೆ ಬಾನೆಟ್ಟಿನ ಒಳಗೆ ಒಮ್ಮೆಯೂ ಇಣುಕಿರಲಿಲ್ಲ.

"ನಂಗೂ ತೋರ್ಸು," ಎಂದರು.

ಕಂಪ್ರೆಸರ್, ಚೌಕಟ್ಟು, ಗೇಜು ತೋರಿಸಿದೆ. ಅವರು ಸೆರಗಿನ ತುದಿಯಿಂದ ಗೇಜಿನ ಗಾಜಿನ ಮೇಲಿನ ಮಳೆನೀರು ಒರೆಸಿದರು. ಬಹಳ ಹೊತ್ತು ನೋಡಿದರು. ಆಮೇಲೆ, ನನಗಲ್ಲ, ಅಲ್ಲಿದ್ದ ಯಾರಿಗೂ ಅಲ್ಲ, ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು: "ತುಮಿ ಬರೇಂ ಕೆಲಾಂ."

ನೀವು ಚಲೋ ಮಾಡಿದ್ದೀರಿ, ಎಂದು.